ಅಳತೆ ಬರೆದ ಹಾಡುಗಳು

ಆರು ಅಂಕಿ ಓದಿ ಹೇಳಲು ಎಷ್ಟು ಹೊತ್ತು ಬೇಕು? ಬೇರೆ ದಿನವಾಗಿದ್ದರೆ ಮುನಿರಾಜು ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟೆದ್ದು ಬಂದಾದರೂ ತಂಗಿಗೆ ಓದಿ ಹೇಳುತ್ತಿದ್ದ. ಆ ಸೋಮವಾರ ಮಾತ್ರ ಹೇಳಲಿಲ್ಲ.

“ಓಟಿಪಿ ಬಂದೈತೆ,” ಅಂದ ಫೋನಿನಲ್ಲಿ. “ನನ್ ಫೋನ್ನಾಗೇ ಐತೆ. ಶುಕ್ರವಾರ ಬಂಗಾರಪೇಟೆಗೆ ಬಾ. ರಿಜಿಸ್ಟ್ರಾರ್ ಆಫೀಸ್ನಾಗೆ ಒಂದು ಸೈನ್ ಆಕು. ಅಲ್ಲೇ ಇನ್ನೊಂದು ತರ್ಸಿ ಏಳ್ತೀನಿ.”

ಆಂಡರ್ಸನ್‌ಪೇಟೆಯ ತನ್ನ ಟೈಲರ್ ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತಿದ್ದ ಶಶಿರೇಖಳಿಗೆ ಮೊದಲು ನಗುವೇ ಬಂತು. “ತಮಾಷೆ ಮಾಡ್ಬೇಡಣ್ಣ. ಜನ ಕಾಯ್ತಾವ್ರೆ.”

“ತಮಾಷೆ ಎಲ್ಲಿ ಬಂತು? ನಿಂಗೆ ಆ್ಯಪಿನಾಗಿರೋ ನಿನ್ನಾಡು ಬೇಕು. ನಂಗೆ ನನ್ ಜಮೀನು ಬೇಕು.” ಫೋನ್ ಕಟ್ಟಾಯಿತು.

ನನ್ ಜಮೀನಂತೆ! ಅಪ್ಪ ಮುನಿಸ್ವಾಮಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ, ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು. ಆ ಹೊಲದಲ್ಲಿ ಮದುವೆಯಾಗುವ ಹಿಂದಿನ ತಿಂಗಳವರೆಗೂ ಟೊಮೇಟೊ ಗಿಡಕ್ಕೆ ಕಡ್ಡಿ ಕಟ್ಟಿದವಳು ಅವಳು. ಶಶಿರೇಖಳ ಕೈಯಲ್ಲಿದ್ದ ಕತ್ತರಿ ತಾನಾಗಿಯೇ ಒಮ್ಮೆ ಕಚಕ್ ಎಂದಿತು. ಸ್ಟೂಲಿನ ಮೇಲೆ ಕೂತಿದ್ದ ಟೀಚರ್ ಶ್ಯಾಮಲ ಬೆಚ್ಚಿ ತಲೆಯೆತ್ತಿದರು.

ಆದದ್ದು ಇಷ್ಟೇ. ಭಾನುವಾರ ಸಂಜೆ ಅವಳ ಫೋನು ಕಟಿಂಗ್ ಮೇಜಿನಿಂದ ಜಾರಿ, ಲೈನಿಂಗ್ ಬಟ್ಟೆ ನೆನೆಹಾಕಿದ್ದ ಬಕೆಟ್ಟಿಗೆ ಬಿದ್ದಿತ್ತು. ಮತ್ತೆ ಉಸಿರಾಡಲಿಲ್ಲ. ಬೆಳಗ್ಗೆ ಹೊಸ ಫೋನು ತಂದಳು, ಹಾಡಿನ ಆ್ಯಪ್ ಹಾಕಿದಳು. ಅದು ನಂಬರ್ ಕೇಳಿತು. ಒಂಬತ್ತು ವರ್ಷದ ಹಿಂದೆ, ಅವಳಿನ್ನೂ ತವರಿನಲ್ಲಿದ್ದಾಗ, ಮನೆಗೆಲ್ಲ ಇದ್ದದ್ದು ಒಂದೇ ಟಚ್ ಫೋನು, ಒಂದೇ ನಂಬರು. ಆ್ಯಪ್ ತೆರೆದದ್ದು ಆ ನಂಬರಿನಲ್ಲಿ. ಆಮೇಲೆ ಅವಳಿಗೆ ಸ್ವಂತ ನಂಬರು ಬಂತು, ಮದುವೆಯಾಯಿತು, ಅಂಗಡಿಯಾಯಿತು. ತಿಂಗಳು ತಿಂಗಳು ಆ್ಯಪಿಗೆ ದುಡ್ಡು ಕಟ್ಟುತ್ತಿದ್ದವಳೂ ಅವಳೇ. ಮನೆಯ ಆ ಹಳೇ ನಂಬರು ಅಣ್ಣನ ಕೈಗೆ ಹೋಯಿತು, ಆ್ಯಪಿಗೆ ಮಾತ್ರ ಅದೇ ಉಳಿಯಿತು. ಬದಲಾಯಿಸಲು ಹೋಗಿ ಏನಾದರೂ ಎಡವಟ್ಟಾದೀತು ಎಂದು ಹೆದರಿ ಸುಮ್ಮನಿದ್ದಳು. ಸ್ವಂತ ಅಣ್ಣನಲ್ಲವೇ?

ಹಾಡು ತಾನೇ, ಮತ್ತೆ ಹುಡುಕಿಕೊಂಡರಾಯಿತು ಅನ್ನುವವರು ಶಶಿ ಟೈಲರ್ಸ್‌ಗೆ ಕಾಲಿಟ್ಟವರಲ್ಲ. ಎರಡು ಮಿಷನ್ನು, ಒಂದು ಪುಟ್ಟ ಸ್ಪೀಕರು, ಮೂರು ಜನ ಒಳಗೆ ಬಂದರೆ ನಾಲ್ಕನೆಯವರು ರಸ್ತೆಯಲ್ಲಿ ನಿಲ್ಲಬೇಕಾದ ಅಂಗಡಿ ಅದು. ಬ್ಲೌಸ್ ಹೊಲಿಸಲು ಬಂದ ಹೆಂಗಸರೆಲ್ಲ ಅಲ್ಲಿ ಹಾಡು ಕೊಟ್ಟು ಹಾಡು ತೆಗೆದುಕೊಂಡು ಹೋಗುತ್ತಿದ್ದರು. ಗಣಿ ಕೆಲಸಗಾರರ ಊರಿಗಾಂ ಲೈನಿನ ಪಾಪಕ್ಕ ಯಾವುದೋ ಕಾಲದ ತಮಿಳು ಹಾಡಿನ ಎರಡು ಸಾಲು ಗುನುಗುವರು. ಹೆಸರು ಗೊತ್ತಿಲ್ಲ, ಪಿಚ್ಚರ್ ಗೊತ್ತಿಲ್ಲ. ಶಶಿರೇಖ ಅವರ ಬಾಯಿಗೆ ಫೋನು ಹಿಡಿಯುವಳು, ಆ್ಯಪ್ ಕೇಳಿಸಿಕೊಂಡು ಹುಡುಕಿಕೊಡುವುದು. ಒಂದು ಸಿಕ್ಕಿತೆಂದರೆ ಅದರ ಬೆನ್ನಿಗೆ ಅದೇ ಜಾಡಿನ ಇನ್ನೂ ಹತ್ತು ತಾನಾಗಿಯೇ ಬರುವುವು. ಚೆನ್ನಾಗಿದ್ದುದನ್ನು ಪಾಪಕ್ಕನ ಲಿಸ್ಟಿಗೆ ಸೇರಿಸಿ, ಆ ಹಾಡಿನ ಲಿಂಕನ್ನು ಪಾಪಕ್ಕನಿಗೂ ವಾಟ್ಸಾಪಿನಲ್ಲಿ ಕಳಿಸುವಳು. ಶ್ಯಾಮಲ ಟೀಚರಿಗೆ ತೆಲುಗಿನವು. ಬೇತಮಂಗಲದಿಂದ ಬರುವ ವರಲಕ್ಷ್ಮಮ್ಮನಿಗೆ ಕನ್ನಡದ ಭಾವಗೀತೆ, ಅದೂ ಬಿರುಸಾದ ತಬಲಾ ಇರಲೇಬೇಕು. ಒಬ್ಬೊಬ್ಬರಿಗೂ ಒಂದೊಂದು ಲಿಸ್ಟು. ಅವರು ಬಾಗಿಲಿಗೆ ಬಂದರೆ ಅವರ ಹಾಡು. ತನ್ನ ಹಾಡು ಕೇಳಿದ ಹೆಂಗಸು ಭುಜ ಸಡಿಲಬಿಟ್ಟು ನಿಲ್ಲುತ್ತಾಳೆ, ಆಗ ಟೇಪು ಹಿಡಿದರೆ ಅಳತೆ ತಪ್ಪುವುದಿಲ್ಲ ಎಂಬುದು ಶಶಿರೇಖ ಅನುಭವದಿಂದ ಕಂಡುಕೊಂಡ ವಿದ್ಯೆ.

ಎಡವಟ್ಟಾದದ್ದೂ ಅದರಿಂದಲೇ. ನಾಲ್ಕು ವರ್ಷದ ಹಿಂದೆ ಚಾವಣಿ ಸೋರಿ ಅಳತೆ ಪುಸ್ತಕವೆಲ್ಲ ನೆನೆದು ಇಂಕು ಹರಡಿಹೋಯಿತು. ಹೇಗೂ ಗಿರಾಕಿ ಬಂದಾಗ ಅವರ ಲಿಸ್ಟು ತೆರೆಯುತ್ತೇನಲ್ಲ ಎಂದು ಅವಳು ಲಿಸ್ಟಿನ ಹೆಸರಿನಲ್ಲೇ ಅಳತೆ ಬರೆಯತೊಡಗಿದಳು. ‘ಪಾಪಕ್ಕ, ಎದೆ 38, ಸೊಂಟ 34, ತೋಳು 9.’ ಹೀಗೆ ನೂರ ನಲವತ್ತು ಹೆಂಗಸರು. ಶಶಿ ಹತ್ತಿರ ಹೋದರೆ ಅಳತೆ ಬ್ಲೌಸ್ ಹೊತ್ತುಕೊಂಡು ಹೋಗಬೇಕಿಲ್ಲ ಎಂಬ ಮಾತು ಆಂಡರ್ಸನ್‌ಪೇಟೆಯೆಲ್ಲ ಹಬ್ಬಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡೇ ವಾರ. ನಲವತ್ತು ಬ್ಲೌಸ್ ಪೀಸುಗಳು ಹಗ್ಗದ ಮೇಲೆ ಜೋತುಬಿದ್ದಿದ್ದವು.

ಅವುಗಳ ನಡುವೆ ‘ಅಪ್ಪ’ ಎಂಬ ಲಿಸ್ಟೊಂದಿತ್ತು. ಅದಕ್ಕೆ ಅಳತೆಯಿಲ್ಲ, ಇದ್ದದ್ದು ಒಂದೇ ಹಾಡು. ಮುನಿಸ್ವಾಮಪ್ಪ ಡೇರಿಗೆ ಹಾಲಿನ ಕ್ಯಾನು ಹೊತ್ತು ಹೋಗುವಾಗ ಗುನುಗುತ್ತಿದ್ದ ತೆಲುಗು ತತ್ವಪದ. ಅದು ಅಪ್ಪನದೇ ಪದ, ಲೋಕದಲ್ಲಿ ಬೇರೆ ಯಾರಿಗೂ ಬಾರದು ಎಂದುಕೊಂಡಿದ್ದಳು. ಮೂರು ವರ್ಷದ ಹಿಂದೆ ಒಂದು ಸಂಜೆ ಇನ್ಯಾವುದೋ ಹಾಡು ಮುಗಿದಮೇಲೆ ಆ್ಯಪ್ ತಾನಾಗಿಯೇ ಅದನ್ನು ಹಾಕಿತು. ಯಾರೋ ಮುದುಕರು, ಬರೀ ತಂಬೂರಿ ಹಿಡಿದು ಹಾಡಿದ್ದು. ಶಶಿರೇಖ ಮಿಷನ್ನು ನಿಲ್ಲಿಸಿ, ಗಂಡ ಗಿರಿಯ ಫೋನಿನಿಂದ ಅಪ್ಪನಿಗೆ ಹಚ್ಚಿ ಸ್ಪೀಕರಿಗೆ ಹಿಡಿದಳು. ಮುನಿಸ್ವಾಮಪ್ಪ ಕೊನೆಯವರೆಗೂ ಕೇಳಿ, “ನಡುವಿನ ಒಂದು ಚರಣ ಬಿಟ್ಟೇಬಿಟ್ಟಿದ್ನಲ್ಲಮ್ಮ, ಇಷ್ಟು ವರ್ಷ!” ಎಂದಿದ್ದರು. ಆಮೇಲೆ ಹುಡುಕಿ ನೋಡಿದರೆ ಆ ಪದವನ್ನು ಹತ್ತು ಜನ ಹಾಡಿದ್ದರು. ಬಿಟ್ಟುಹೋದ ಚರಣ ಇದ್ದದ್ದು ಅದೊಂದರಲ್ಲಿ ಮಾತ್ರ. ಹಾಡಿದ ಆ ಮುದುಕರ ಹೆಸರನ್ನು ಅವಳು ನೋಡಿಟ್ಟುಕೊಂಡಿರಲಿಲ್ಲ.

ಇಷ್ಟನ್ನೆಲ್ಲ ಮುನಿರಾಜು ಆರು ಅಂಕಿಯ ಹಿಂದೆ ಹಾಕಿ ಚಿಲಕ ಜಡಿದಿದ್ದ.

ಸಂಜೆ ಗಿರಿ ಆಟೋ ನಿಲ್ಲಿಸಿ ಬಂದವನು ಎಲ್ಲ ಕೇಳಿ, “ಓಗ್ಲಿ, ಸೈನ್ ಆಕ್ಬಿಡು. ಆಡೂ ಉಳೀತದೆ, ತವರೂ ಉಳೀತದೆ,” ಅಂದ.

“ಆಕ್ತಿದ್ದೆ,” ಅಂದಳು ಶಶಿರೇಖ. “ನಿನ್ನೆವರ್ಗೂ ಆಕ್ತಿದ್ದೆ.”

ಅವಳನ್ನು ಸುಡುತ್ತಿದ್ದದ್ದೇ ಅದು. ರಸ್ತೆ ಪಕ್ಕದ, ಅಣ್ಣತಂಗಿಗೆ ಸಮಪಾಲು ಬರುವ ಆ ಎರಡು ಎಕರೆ ನಾಲ್ಕು ಗುಂಟೆಯ ಮೇಲೆ ಲೇಔಟ್ ಮಾಡುವ ಆಂಜಿನಪ್ಪ ಕಣ್ಣು ಹಾಕಿದ್ದಾನೆಂದು ಅವಳಿಗೆ ಗೊತ್ತಿತ್ತು. ಅಪ್ಪನ ಅಕ್ಕತಂಗಿಯರಿಬ್ಬರೂ ಅವರ ಕಾಲದಲ್ಲಿ ಒಂದು ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು ಹಕ್ಕು ಬಿಟ್ಟುಕೊಟ್ಟಿದ್ದರು. ತಾನೂ ಹಾಗೇ ಬಿಡುವುದೆಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ಕೇಳಿದ್ದರೆ ಕೊಡುತ್ತಿದ್ದಳು. ಬಾಯಿಬಿಟ್ಟು ಕೇಳುವಷ್ಟು ಕೂಡ ತಂಗಿಗೆ ಬೆಲೆಯಿಲ್ಲ, ಕತ್ತು ಹಿಚುಕಿಯೇ ತೆಗೆದುಕೊಳ್ಳಬೇಕು ಅವನಿಗೆ!

ಅಲ್ಲಿಂದಲೇ ಅಣ್ಣನಿಗೆ ಫೋನು ಹಚ್ಚಿದಳು. “ಮೊದ್ಲು ಓಟಿಪಿ ಏಳು. ಜಮೀನಿನ ಮಾತು ಆಮ್ಯಾಕೆ.”

“ಕೆಲ್ಸಕ್ಕೆ ಬಾರದ ಆಡಿಗೆ ಇಷ್ಟೊಂದು ಪೊಗರಾ ನಿಂಗೆ?”

“ಅಂಗಾದ್ರೆ ಕೇಳು. ಶುಕ್ರವಾರ ಬರಲ್ಲ. ಯಾವ ಶುಕ್ರವಾರಾನೂ ಬರಲ್ಲ.”

ಮಾರನೆಯ ದಿನ ಹನ್ನೊಂದು ಗಂಟೆಗೆ ಮುನಿರಾಜುವಿನ ಮೆಸೇಜು ಬಂತು. ಮಾತು ಬೆಣ್ಣೆಯಾಗಿತ್ತು. ‘ಕೋಪ ಬೇಡಮ್ಮ. ಶುಕ್ರವಾರ ಹತ್ತೂವರೆಗೆ ಬಾ. ನಿನ್ನ ಹಾಡೆಲ್ಲ ಭದ್ರವಾಗಿದೆ.’ ಅವಳು ಅದನ್ನು ಓದುತ್ತಿರುವಾಗಲೇ ಅತ್ತಿಗೆ ಅಂಬಿಕಳ ಫೋನು. ದನದ ಕೊಟ್ಟಿಗೆಯಿಂದ ಮಾತಾಡುತ್ತಿದ್ದಳು, ದನಿ ಕೆಳಗಿತ್ತು.

“ಶಶಿ, ಅವ್ರು ಕರೆದ್ರೆ ಓಗ್ಬೇಡ. ಅಲ್ಲಿ ಏನೂ ಇಲ್ಲ. ನಿನ್ನೆ ನಿನ್ ಫೋನ್ ಬಂದ್ಮೇಲೆ, ಆ ಆಂಜಿನಪ್ಪನ ಜೊತೆ ಕುಡ್ಕೊಂಡು ಕುಂತು, ನಿಮ್ಮಣ್ಣ ಓಟಿಪಿ ಆಕಿ ಆ್ಯಪಿನೊಳಕ್ಕೋಗಿ ಒಂದೊಂದೇ ಲಿಸ್ಟು ತೆಗ್ದಾಕ್ಬಿಟ್ರು.”

“ಎಲ್ಲಾನಾ ಅತ್ತಿಗೆ?”

“ಎಲ್ಲಾ. ಒಂದೊಂದರ ಎಸ್ರೂ ಗಟ್ಟಿಯಾಗಿ ಓದೋರು. ಎದೆ ಮೂವತ್ತೆಂಟಂತೆ, ನಲವತ್ತಂತೆ ಅಂತ ಓದೋದು, ಇಬ್ರೂ ತೊಡೆ ತಟ್ಕೊಂಡು ನಗೋದು, ತೆಗೆದಾಕೋದು.” ಅಂಬಿಕ ದನಿ ಇನ್ನೂ ತಗ್ಗಿಸಿದಳು. “ನಂದೂ ಇತ್ತಲ್ಲ ಶಶಿ ಅದ್ರಾಗೆ. ಅದನ್ನೂ ಓದಿದ್ರು.”

ಶಶಿರೇಖಳಿಗೆ ಮೈಯೆಲ್ಲ ಉರಿದುಹೋಯಿತು. ಹಾಡು ಹೋದದ್ದಕ್ಕಲ್ಲ, ಆ ಹೊತ್ತಿಗೆ ಹಾಡು ನೆನಪೂ ಆಗಲಿಲ್ಲ. ಬಾಗಿಲಿಗೆ ಪರದೆ ಎಳೆದು, ತನ್ನನ್ನು ನಂಬಿ ಕೈಯೆತ್ತಿ ನಿಂತ ನೂರ ನಲವತ್ತು ಹೆಂಗಸರನ್ನು ಅವನು ಕುಡುಕರ ಮುಂದೆ ನಿಲ್ಲಿಸಿದ್ದ. ಆಮೇಲೆ ಖಾಲಿ ಡಬ್ಬಿ ತೋರಿಸಿ ಸಹಿ ಹಾಕಿಸಿಕೊಳ್ಳಲು ಕರೆಯುತ್ತಿದ್ದ. ಅವಳು ಮೆಸೇಜಿಗೆ ಒಂದೇ ಪದ ಬರೆದಳು: ‘ಬರ್ತೀನಿ.’

ಮಧ್ಯಾಹ್ನ ಪಾಪಕ್ಕನನ್ನು ಕರೆಸಿ, ನೆಲ ನೋಡಿಕೊಂಡೇ ನಡೆದದ್ದನ್ನೆಲ್ಲ ಹೇಳಿದಳು. ಹೇಳದೆ ಸುಮ್ಮನೆ ಮತ್ತೆ ಅಳತೆ ತೆಗೆದುಕೊಳ್ಳಬಹುದಿತ್ತು. ಅದು ಅವಳಿಂದ ಆಗಲಿಲ್ಲ. ಅರವತ್ತು ದಾಟಿದ ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

“ನನ್ ಅಳತೆ ಓದಿ ನಗ್ತಾನಾ ಅವನು? ನೀನ್ಯಾಕೆ ತಲೆ ಬಗ್ಗಿಸ್ತೀಯ ನನ್ ಕಣ್ಣೇ? ಟೇಪ್ ತಗೊ. ಮೊದ್ಲು ನಂದೇ ತಗೊ.”

ಬುಧವಾರ, ಗುರುವಾರ ಅಂಗಡಿ ಮುಂದೆ ಸಾಲು. ಪಾಪಕ್ಕ ಅದೇನು ಹೇಳಿ ಕಳಿಸಿದರೋ, ಹೆಂಗಸರು ಒಂದು ಕೈಯಲ್ಲಿ ಅಳತೆ ಬ್ಲೌಸು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬಂದರು. ಮುನಿರಾಜುವಿಗೆ ಬಾಯಿಗೆ ಬಂದಹಾಗೆ ಮೂರು ಭಾಷೆಯಲ್ಲೂ ಬೈಗುಳ ಬಿತ್ತು. ಶಶಿರೇಖ ತನ್ನ ಸ್ವಂತ ನಂಬರಿನಲ್ಲಿ ಹೊಸದಾಗಿ ಆ್ಯಪ್ ತೆರೆದಳು. ಅಳತೆಯನ್ನು ಈ ಸಲ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದು ಪೆಟ್ಟಿಗೆಗೆ ಬೀಗ ಹಾಕಿದಳು. ಹಾಡುಗಳು ಮಾತ್ರ ಅವಳು ಹುಡುಕದೆಯೇ ಬಂದವು. ವರ್ಷಗಟ್ಟಲೆ ಅವಳು ಕಳಿಸಿದ್ದ ಲಿಂಕುಗಳು ಅವಳ ಹಳೇ ಫೋನಿನ ಜೊತೆ ಮುಳುಗಿದ್ದರೂ ಅವರವರ ವಾಟ್ಸಾಪಿನಲ್ಲಿ ಹಾಗೇ ಬಿದ್ದಿದ್ದವು. ಶ್ಯಾಮಲ ಟೀಚರ್ ಅರವತ್ತು ಹಾಡು ವಾಪಸ್ಸು ಕಳಿಸಿದರು. ವರಲಕ್ಷ್ಮಮ್ಮ ಫೋನನ್ನೇ ಮೇಜಿನ ಮೇಲಿಟ್ಟು, “ನಂಗೆ ಬರಲ್ಲ, ಏನೇನು ಬೇಕೋ ತಗೊ,” ಅಂದರು.

‘ಅಪ್ಪ’ ಮಾತ್ರ ಯಾರಲ್ಲೂ ಸಿಗಲಿಲ್ಲ. ಗುರುವಾರ ಸಂಜೆ ಪಾಪಕ್ಕ ಕನ್ನಡಕ ಮೂಗಿನ ತುದಿಗಿಳಿಸಿ, ತಮ್ಮ ಫೋನಿನಲ್ಲಿ ಬೆರಳಿಂದ ಮೇಲಕ್ಕೆ ಮೇಲಕ್ಕೆ ತಳ್ಳುತ್ತ ಹೋಗಿ, ಮೂರು ವರ್ಷ ಹಿಂದಕ್ಕೆ ಹೋಗಿ ನಿಂತರು. “ಇದು ನೋಡು. ‘ನಮ್ಮಪ್ಪನ ಪದ ಸಿಕ್ತು ಪಾಪಕ್ಕ’ ಅಂತ ಬರ್ದಿದ್ದೀಯ. ನಾನು ಕೈಮುಗ್ದಿದ್ದೀನಿ.” ಒತ್ತಿದರು. ತಂಬೂರಿ ಮಿಡಿಯಿತು. ಶಶಿರೇಖ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಸಿಟ್ಟು ಮಾತ್ರ ಆ ಅಳುವಿನಲ್ಲಿ ಎಳ್ಳಷ್ಟೂ ಕರಗಲಿಲ್ಲ.

ಶುಕ್ರವಾರ ಹತ್ತೂವರೆಗೆ ಬಂಗಾರಪೇಟೆಯಲ್ಲಿ, ರಿಜಿಸ್ಟ್ರಾರ್ ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿ ಮುಂದೆ ಮುನಿರಾಜು ಇಸ್ತ್ರಿ ಶರ್ಟು ಹಾಕಿಕೊಂಡು ನಿಂತಿದ್ದ. ಪಕ್ಕದಲ್ಲಿ ಆಂಜಿನಪ್ಪ. ಮುನಿರಾಜುವಿನ ಕೈಯಲ್ಲಿದ್ದ ಕವರಿನಿಂದ ಹಸಿರು ಸೀರೆಯ ಅಂಚು, ಅರಿಶಿನ ಕುಂಕುಮದ ಪೊಟ್ಟಣ ಇಣುಕುತ್ತಿದ್ದವು.

“ಬಂದ್ಯಾಮ್ಮ? ಒಳ್ಳೇದಾಯ್ತು. ಪತ್ರ ರೆಡಿ ಐತೆ.”

“ನನ್ನಾಡು?”

“ಸೈನ್ ಆದ ತಕ್ಷಣ ಓಟಿಪಿ. ಎಲ್ಲಾ ಇಟ್ಟಂಗೇ ಅದಾವೆ.”

“ಒಂದೂ ಓಗಿಲ್ವಾ?”

“ಅಪ್ಪನಾಣೆ, ಒಂದೂ ಓಗಿಲ್ಲ.”

ಇಷ್ಟಾದರೂ ಅವಳು ಎಲ್ಲೋ ಒಂದು ಮೂಲೆಯಲ್ಲಿ, ಅವನು ತಪ್ಪು ಒಪ್ಪಿಕೊಂಡಾನು ಎಂದು ಕಾದಿದ್ದಳು. ಒಪ್ಪಿಕೊಂಡಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅಪ್ಪನ ಮೇಲೆ ಆಣೆ ಇಟ್ಟಮೇಲೆ ಆ ಮೂಲೆಯೂ ಮುಚ್ಚಿಹೋಯಿತು. ಅವಳು ಫೋನು ತೆಗೆದು ಒಂದು ಕಡೆ ಒತ್ತಿದಳು. ಮುನಿರಾಜುವಿನ ಜೇಬಿನಲ್ಲಿ ಟಿಣ್ ಎಂದಿತು.

“ಒಂದು ಲಿಸ್ಟ್ ಕಳ್ಸಿದ್ದೀನಿ. ತೆಗಿ.”

ಅವನು ತೆಗೆದ. ಲಿಸ್ಟಿನಲ್ಲಿ ಒಂದೇ ಹಾಡು. ಬೆರಳು ತಾಗಿ ಅದು ಶುರುವಾಗಿಬಿಟ್ಟಿತು, ಮೊದಲು ತಂಬೂರಿ, ಆಮೇಲೆ ಅವರಿಬ್ಬರೂ ಹುಟ್ಟಿದಾಗಿನಿಂದ ಕೇಳಿ ಬೆಳೆದ ಪದ. ಮೇಲೆ ದಪ್ಪಕ್ಷರದಲ್ಲಿ ಲಿಸ್ಟಿನ ಹೆಸರಿತ್ತು: ‘ಶಶಿರೇಖ, ಮುನಿಸ್ವಾಮಪ್ಪನ ಮಗಳು, ಸರ್ವೆ ನಂಬರ್ 63, ಒಂದು ಎಕರೆ ಎರಡು ಗುಂಟೆ.’

ಆಂಜಿನಪ್ಪ ಪಕ್ಕದಿಂದ ಬಗ್ಗಿ ಓದಿದ. ಒಂದು ಹೆಜ್ಜೆ ಹಿಂದೆ ಸರಿದು, ಬೈಕಿನ ಕೀಲಿ ಹುಡುಕತೊಡಗಿದ. “ಇದೆಲ್ಲ ಕ್ಲಿಯರ್ ಮಾಡ್ಕೊಂಡು ಆಮ್ಯಾಕೆ ಏಳು ಮುನಿರಾಜಣ್ಣ,” ಅಂದು ಹೊರಟೇಹೋದ. ಪತ್ರ ಬರೆಯುವವರು, ಜೆರಾಕ್ಸ್ ಮಾಡಿಸುವವರು ಹಾಡು ಬಂದ ಕಡೆ ತಿರುಗಿ ನೋಡುತ್ತಿದ್ದರು. ಮುನಿರಾಜು ಅದನ್ನು ನಿಲ್ಲಿಸಲು ಅಲ್ಲಿ ಇಲ್ಲಿ ಒತ್ತಿದ. ನಿಲ್ಲಲಿಲ್ಲ. ಅಪ್ಪ ಬಿಟ್ಟಿದ್ದ ಚರಣ ಬಂತು.

“ಓದಣ್ಣ,” ಅಂದಳು ಶಶಿರೇಖ. “ಎಂಗಸ್ರ ಅಳತೆ ಗಟ್ಟಿಯಾಗಿ ಓದಕ್ಕೆ ನಿಂಗೆ ಬತ್ತದಲ್ಲ. ನಂದೂ ಓದು.”