ಹನ್ನೊಂದನೆಯ ಕೋಶ

ಮೂರು, ಎಂಟನೆಯ ವರ್ಣತಂತು ಇಲ್ಲಿಯೂ ಮೂರು, ಇರಬೇಕಾದದ್ದು ಎರಡು, ಕಣ್ಣು ಒರೆಸಿಕೊಂಡು ಸೂಕ್ಷ್ಮದರ್ಶಕಕ್ಕೆ ಮತ್ತೆ ಬಾಗುತ್ತೇನೆ, ಮೂರೇ, ಇಪ್ಪತ್ತು ಕೋಶಗಳಲ್ಲಿ ಹದಿನಾಲ್ಕರಲ್ಲಿ ಹೀಗೆ, ಈ ರಕ್ತದ ಕ್ಯಾನ್ಸರಿನ ಗುರುತಾದ ಮೋಟಾದ ಇಪ್ಪತ್ತೆರಡನೆಯ ವರ್ಣತಂತು ಕೆಲವು ಕೋಶಗಳಲ್ಲಿ ಒಂದಲ್ಲ, ಎರಡು — ರೋಗ ಗುಳಿಗೆಗೆ ಬಗ್ಗುತ್ತಿಲ್ಲ, ಚೀಟಿಯ ಮೇಲೆ ಲಲಿತಾಬಾಯಿ, ಔರಾದ, ವಯಸ್ಸು ಮೂವತ್ತೆಂಟು, ಎಂಟು ತಿಂಗಳ ಹಿಂದೆ ಬೀದರಿನ ಇದೇ ಪ್ರಯೋಗಾಲಯದಲ್ಲಿ ಇವಳ ಅಸ್ಥಿಮಜ್ಜೆಯನ್ನು ನಾನೇ ನೋಡಿದ್ದೆ, ಹನ್ನೊಂದನೆಯ ಕೋಶದಲ್ಲಿ ಈ ಹೆಚ್ಚಿನ ಎಂಟು ಕಂಡಿತ್ತು, ಪಕ್ಕದ ಕೋಶದಿಂದ ಸಿಡಿದದ್ದಿರಬೇಕು ಎಂದುಕೊಂಡೆ, ಒಂದರಲ್ಲಿ ಕಂಡರೆ ಲೆಕ್ಕಕ್ಕಿಲ್ಲ, ಎರಡರಲ್ಲಿ ಕಂಡರೆ ಬರೆಯಬೇಕು, ಅದಕ್ಕೇ ಇಪ್ಪತ್ತು ಎಣಿಸಬೇಕು, ಎಣಿಸಲಿಲ್ಲ, ಭಾಲ್ಕಿಯ ನಮ್ಮ ಓಣಿಗೆ ಹನ್ನೆರಡು ದಿನಕ್ಕೊಮ್ಮೆ ಬರುವ ಟ್ಯಾಂಕರ್ ಅಂದು ಸಂಜೆ, ಫೋನಿನಲ್ಲಿ ಅವ್ವ, ಗಿರಿಜಾ, ನನ್ನ ಕೈಲಿ ಕೊಡ ಎತ್ಲಿಕ್ಕ ಆಗಲ್ಲ, ರೈಲು ತಪ್ಪಿಸಬ್ಯಾಡ, ಹನ್ನೊಂದಕ್ಕೆ ನಿಲ್ಲಿಸಿ ಇಪ್ಪತ್ತು ಎಂದು ಬರೆದೆ, ಬೇರೆ ದೋಷಗಳಿಲ್ಲ ಎಂದು ಬರೆದೆ, ಸಹಿ ಹಾಕಿ ಓಡಿದೆ, ನೀರು ಸಿಕ್ಕಿತು, ಕುಡಿದೆ ಕೂಡ — ಇವತ್ತು ಬೆಳಿಗ್ಗೆ ಅವಳ ಗಂಡ ಮಡೆಪ್ಪ ನನ್ನನ್ನು ಕಂಡು ಬೆಂಚಿನಿಂದ ಎದ್ದು ನಿಂತ, ನನಗೇಕೆ ಎದ್ದು ನಿಲ್ಲಬೇಕು ಅವನು, ನಿಮ್ಮ ಕಾಗದ ಚಲೋ ಬಂದಿತ್ತಲ್ರಿ ಬಾಯಿ, ಅದಕ್ಕ ಧೈರ್ಯ ಮಾಡಿ ಕಬ್ಬು ಕಡೀಲಿಕ್ಕ ಸಾಂಗ್ಲಿ ಕಡಿ ಹೋದ್ವಿ, ಇಲ್ಲಿ ಕುರಿಗೂ ನೀರಿದ್ದಿಲ್ಲ, ಗುಳಿಗಿ ಒಂದಿನಾನೂ ತಪ್ಪಿಸಿಲ್ರಿ ಅಕಿ, ನಾನು ಹೂಂ ಎಂದೆ, ಬರೀ ಹೂಂ. ಹಳೆಯ ಸ್ಲೈಡು ಪೆಟ್ಟಿಗೆಯಲ್ಲೇ ಇದೆ, ಹಾಗೇ ಮುಚ್ಚಿಟ್ಟರೆ ಯಾರೂ ಕೇಳುವುದಿಲ್ಲ, ಯಾರೂ ಕೇಳುವುದಿಲ್ಲ ಎಂದುಕೊಳ್ಳುತ್ತಲೇ ತೆಗೆದೆ, ಉಳಿದ ಒಂಬತ್ತನ್ನು ಎಣಿಸಿದೆ, ಇನ್ನೂ ಎರಡರಲ್ಲಿ ಇತ್ತು, ಅವತ್ತೇ ಇತ್ತು, ಡಾಕ್ಟರ್ ಅಬ್ದುಲ ಸಮದರ ಮುಂದೆ ಎರಡೂ ಸ್ಲೈಡು ಇಟ್ಟು ಹೇಳಿದೆ, ಬಯ್ಯಬಾರದೇ, ಬಯ್ಯಲಿಲ್ಲ, ಕನ್ನಡಕ ತೆಗೆದು, ಆವಾಗ್ಲೇ ಗೊತ್ತಾಗಿದ್ರ ಅಷ್ಟು ದೂರ ಕಳಸ್ತಿದ್ದಿಲ್ಲ, ಆಗಾಗ ಕರೆಸಿ ನೋಡ್ತಿದ್ದೆ, ಈಗ ಗುಳಿಗಿ ಬದಲಿಸಿ ಹೈದರಾಬಾದಿನ ದೊಡ್ಡ ದವಾಖಾನಿಗೆ ಬರೀತೇನಿ, ಅಕಿಗೆ ನೀವೇ ಹೇಳ್ರಿ — ಲಲಿತಾಬಾಯಿ ಬೆಂಚಿನ ಮೇಲೆ, ತಪ್ಪು ನಂದದರಿ, ನಾ ಪೂರಾ ನೋಡಲಿಲ್ಲ, ಅವಳಿಗೆ ತಿಳಿಯುತ್ತದೆ, ಎಲ್ಲ ತಿಳಿಯುತ್ತದೆ, ಎಷ್ಟು ನೋಡೋದು ಉಳಿದಿತ್ರಿ, ಒಂಬತ್ತು, ಒಂಬತ್ತಕ್ಕ ಎಷ್ಟು ಹೊತ್ತು ಹಿಡೀತದ್ರಿ, ಅರ್ಧ ತಾಸು, ಅರ್ಧ ತಾಸು ಎಂದೆ, ಮಡೆಪ್ಪ ಗೋಡೆಯ ಕಡೆ ತಿರುಗಿದ, ಅವಳು ಮಡಿಲಲ್ಲಿದ್ದ ಅಂಗೈ ಬಿಡಿಸಿ ನೋಡಿಕೊಂಡಳು, ಕಬ್ಬಿನ ಗರಿ ಸೀಳಿದ ಗೆರೆಗಳು, ಒಣಗಿ ಕಪ್ಪಾಗಿ, ಒಂದರ ಮೇಲೊಂದು, ಅಂಗೈ, ಆ ಗೆರೆಗಳು, ಬಿಡಿಸಿಟ್ಟ ಆ ಅಂಗೈ