ದೋಸೆಕಲ್ಲಿನ ಹಿಡಿಸೂಡಿ

ಒಂದಾನೊಂದು ಕಾಲದಲ್ಲಿ, ಕಲ್ಕತ್ತೆಯ ಟಾಲಿಗಂಜಿನ ಮೊದಲ ಟ್ರಾಮಿಗಿಂತಲೂ ಬೇಗ ಏಳುವ ದೋಸೆಕಲ್ಲೊಂದಿತ್ತು. ಅದರ ಒಡೆಯ ಉಡುಪಿ ಕಡೆಯ ಮುರಾರಿ ರಾಯರು. ಅವರ ಹೋಟೆಲಿನ ಹಿಂದೆಯೇ ಮನೆ. ಎದುರಿನ ಗೋಡೆಯಲ್ಲಿ ಚುನಾವಣೆಯ ಕೆಂಪು ಸುತ್ತಿಗೆ ಕುಡುಗೋಲು ಮಳೆಗೆ ಮಸುಕಾಗುತ್ತಿದ್ದ ಒಂದು ಶ್ರಾವಣದಲ್ಲಿ ಆ ಮನೆಗೆ ನಾಯಿಯೊಂದು ಬಂತು.

ಬೀದಿಯಲ್ಲಿ ಹೊಡೆತ ತಿಂದು ಬಿದ್ದಿದ್ದ ಅದನ್ನು ಪಕ್ಕದ ಮನೆಯ ಬುಲಾದಿ ಎತ್ತಿ ತಂದು ಗಾಯ ಮಾಯಿಸಿದ್ದಳು. ಅವಳಲ್ಲಿ ಆಗಲೇ ಏಳು ನಾಯಿಗಳು. "ಇದು ನನ್ನ ಹತ್ತಿರ ಇರಲಿ, ದೀದಿ. ದುರ್ಗಾಪೂಜೆಯೊಳಗೆ ಮನುಷ್ಯರ ಕೈಯಿಂದ ತಿನ್ನುವ ಹಾಗೆ ಮಾಡ್ತೇನೆ," ಎಂದು ರಾಯರ ಮಗಳು ಮುಕ್ತಾ ಮಾತು ಕೊಟ್ಟಳು.

"ಪೂಜೆಯವರೆಗೆ ಮಾತ್ರ," ಎಂದರು ರಾಯರು. "ಆಮೇಲೂ ಹೀಗೇ ನಡುಗ್ತಾ ಇದ್ರೆ ಬೀದಿಗೇ."

ಮುಕ್ತಾ ಅದಕ್ಕೆ ಕಾಜಲ್ ಎಂದು ಹೆಸರಿಟ್ಟಳು. ದಿನವೂ ಅದಕ್ಕೆ ಬೆನ್ನು ಮಾಡಿ ಕುಳಿತು, ಅಜ್ಜಿ ಹೇಳಿದ ಕಥೆಗಳನ್ನು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಭಾದ್ರಪದದ ಹೊತ್ತಿಗೆ ಒಂದು ಕಿವಿ ಅವಳತ್ತ ತಿರುಗಿತು. ಆದರೆ ಪ್ರತಿ ಬೆಳಿಗ್ಗೆ ಅದೇ ಹೊತ್ತಿಗೆ ನಾಯಿ ಮಂಚದಡಿ ನುಸುಳಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು.

ಒಂದು ದಿನ ಅವಳೂ ಮಂಚದಡಿ ಮಲಗಿ ನೋಡಿದಳು. ತೆರೆದ ಬಾಗಿಲಾಚೆ ಅಪ್ಪ ಕಾದ ಕಲ್ಲಿಗೆ ನೀರು ಚಿಮುಕಿಸಿದರು. ಚುಂಯ್! ತೆಂಗಿನ ಕಡ್ಡಿಯ ಮೋಟು ಹಿಡಿಸೂಡಿಯಿಂದ ಕಲ್ಲು ಗುಡಿಸಿದರು. ನಾಯಿ ಗಡಗಡ ನಡುಗಿತು.

"ಅಪ್ಪಯ್ಯ, ಅದು ಹೆದರುವುದು ನಿಮ್ಮ ಹಿಡಿಸೂಡಿಗೆ."

"ಎಂತ ಮಾರಾಯ್ತಿ! ಬಾಗಿಲಲ್ಲಿ ಬೀದಿ ನಾಯಿ ನಿಂತ್ರೆ ಗಿರಾಕಿ ಒಳಗೆ ಬರ್ತಾರಾ? ಓಡಿಸ್ಲಿಕ್ಕೆ ಇದನ್ನೇ ಒಂದು ಬೀಸ್ತೇನೆ, ಅಷ್ಟೇ. ತಾಗಿಸುವುದಿಲ್ಲ."

"ಹಾಗಾದ್ರೆ ಇದರ ಬೆನ್ನು ನೋಡಿ. ತಾಗಿದ್ದು ಹೌದಾದ್ರೆ, ನಾಯಿಗೆ ತಾಗಿದ ಹಿಡಿಸೂಡಿಯಲ್ಲೇ ನಿಮ್ಮ ಮಡಿ ದೋಸೆಯಾ?"

ರಾಯರು ಬಗ್ಗಿ ನೋಡಿದರು. ಬೆನ್ನ ಮೇಲೆ ಮಾಯ್ದ ಗೆರೆಗಳು, ಒತ್ತೊತ್ತಾಗಿ, ಕಡ್ಡಿಯಷ್ಟೇ ತೆಳ್ಳಗೆ.

ಮರುದಿನ ಹಿಡಿಸೂಡಿ ಒಲೆಯೊಳಗೆ ಉರಿಯಿತು. ಕಲ್ಲನ್ನು ಒದ್ದೆ ಬಟ್ಟೆ ಒರೆಸಿತು. ಬಾಗಿಲಿಗೆ ಬಂದ ನಾಯಿಗಳಿಗೆ ಸೀದ ದೋಸೆ ಹಿತ್ತಿಲಲ್ಲಿ ಸಿಗತೊಡಗಿತು.

ದುರ್ಗಾಪೂಜೆ ಶುರುವಾಗುವ ಷಷ್ಠಿಯ ಬೆಳಿಗ್ಗೆ, ಬೀದಿಯ ತುದಿಯಲ್ಲಿ ಪೂಜೆಯ ಡೋಲು ಢಾಕ್ ಬಡಿಯುತ್ತಿರುವಾಗ, ಮುಕ್ತಾ ಒಳಕೋಣೆಗೆ ಬಂದು ಹಾಗೇ ನಿಂತಳು. ಅಪ್ಪ ಮಂಚಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕುಳಿತಿದ್ದರು. ಹಿಂದಕ್ಕೆ ಚಾಚಿದ ಅಂಗೈಯಲ್ಲಿ ದೋಸೆಯ ಚೂರು.

"ಒಂದೂರಲ್ಲಿ ಒಬ್ಬ ದೋಸೆ ಭಟ್ಟ ಇದ್ದ," ಎಂದು ಗೋಡೆಗೆ ಹೇಳುತ್ತಿದ್ದರು. "ಅವನಿಗೆ ಕಣ್ಣಿತ್ತು, ಆದರೆ..."

ಕಥೆ ಅಲ್ಲೇ ನಿಂತಿತು. ಅಂಗೈಗೆ ಒದ್ದೆ ಮೂಗೊಂದು ತಾಗಿ, ಚೂರು ಮಾಯವಾಗಿತ್ತು.