ಮೂಲೆ ಸಿಗದ ಹುಳುಗಳು

ನನಗೆ ಥರ್ಮಕೋಲ್ ಕಂಡರೆ ಆಗುವುದಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿನ್ಯಾಸ, ತಂತ್ರಜ್ಞಾನ ಕಲಿಸುವುದು ಹೇಗೆಂದು ನಮಗೆ ತರಬೇತಿ ಕೊಟ್ಟವರು ಥರ್ಮಕೋಲಿನ ಗಾಳಿಯಂತ್ರವನ್ನೇ ಮಾಡಿಸಿದರು. ಅದು ತಿರುಗಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು. ಆದರೂ ಅಲ್ಲಿ ಕೇಳಿದ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು: ಏನು ಮಾಡಿದರೂ ನಿಮಗೆ ಗೊತ್ತಿರುವ ಒಬ್ಬರಿಗಾಗಿ, ಅವರಿಗೆ ಬೇಕಾದದ್ದನ್ನೇ ಮಾಡಿ.

ಚಿಕ್ಕಬಳ್ಳಾಪುರದಿಂದ ಬೆಳಗಿನ ಬಸ್ಸಿನಲ್ಲಿ ಶಿಡ್ಲಘಟ್ಟದ ಕಡೆಯ ನಮ್ಮ ಶಾಲೆಗೆ ಹೋಗುವಾಗ ಅದನ್ನೇ ಮೆಲುಕು ಹಾಕುತ್ತಿದ್ದೆ. ಕಿಟಕಿಯಾಚೆ ಬೆಟ್ಟಗಳು ಮಂಜಿನಲ್ಲಿ ಅರ್ಧ ಇದ್ದವು, ಅರ್ಧ ಇರಲಿಲ್ಲ. ಹಿಪ್ಪುನೇರಳೆ ತೋಟಗಳ ಮೇಲೆ ಬೆಳಕು ಇನ್ನೂ ಇಳಿಯಲೋ ಬೇಡವೋ ಎನ್ನುತ್ತಿತ್ತು. ಆ ಹೊತ್ತಿನಲ್ಲಿ ಏನು ಬೇಕಾದರೂ ಮಾಡಬಲ್ಲೆ ಅನ್ನಿಸುತ್ತದೆ. ಬಸ್ಸಿಳಿದ ಮೇಲೆ ಬುದ್ಧಿ ಬರುತ್ತದೆ.

ನಾಲ್ಕನೇ ತರಗತಿಯವರನ್ನು, ನಿಮ್ಮ ಮನೆಯಲ್ಲಿ ಯಾರಿಗೆ ಏನು ಬೇಕಾಗಿದೆ ಎಂದು ಕೇಳಿದೆ. ಹರಿಕೃಷ್ಣನಿಗೆ ಟೀಚರ್ ಬರುವುದನ್ನು ಮೊದಲೇ ತಿಳಿಸುವ ಗಂಟೆ ಬೇಕಾಗಿತ್ತು. ಅದು ಯಾರಿಗಪ್ಪ ಎಂದರೆ, ಇಡೀ ಕ್ಲಾಸಿಗೆ ಎಂದ. ನಗುವೆಲ್ಲ ಮುಗಿದ ಮೇಲೆ ಪವಿತ್ರ ಎದ್ದು ನಿಂತಳು. ಕರೆದರೂ ಮಾತಾಡದ ಹುಡುಗಿ ಅವಳು.

“ನಮ್ಮಜ್ಜಿ ನನ್ ಮುಖ ಸರ್ಯಾಗಿ ನೋಡೇ ಇಲ್ಲ ಮಿಸ್,” ಎಂದಳು.

ಕೇಳುತ್ತ ಹೋದಂತೆ ವಿಷಯ ತಿಳಿಯಿತು. ಅಜ್ಜಿ ಚಿಕ್ಕವೆಂಕಟಮ್ಮನವರ ಕಣ್ಣಿಗೆ ಪೊರೆ ಬಂದಾಗ ಪವಿತ್ರ ಅಂಬೆಗಾಲಿಡುತ್ತಿದ್ದಳಂತೆ. ಆಪರೇಷನ್ ಆಗಿದ್ದು ಹೋದ ತಿಂಗಳು. ಕಣ್ಣು ಚೆನ್ನಾಗಿದೆ, ಇನ್ನು ಬೆಳಕಿಗೆ ರೂಢಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಅಷ್ಟು ವರ್ಷ ಮಬ್ಬಿನಲ್ಲೇ ಇದ್ದ ಅಜ್ಜಿಗೆ ಬೆಳಕು ಚುಚ್ಚುತ್ತಿತ್ತು. ಕಪ್ಪು ಕನ್ನಡಕ ಹಾಕಿದರೆ ಮೊಮ್ಮಗಳೂ ಕಪ್ಪಾಗುತ್ತಿದ್ದಳು. ಕಿಟಕಿಯಿಲ್ಲದ ನಡುಮನೆಯಲ್ಲಿ ಕೂತುಬಿಟ್ಟಿದ್ದರು. ಜಗಲಿಗೆ ಬಾ ಅಜ್ಜಿ ಎಂದು ಪವಿತ್ರ ದಿನವೂ ಕರೆಯುತ್ತಿದ್ದಳು, ಅವರು ದಿನವೂ ನಾಳೆ ಬರ್ತೀನಿ ಎನ್ನುತ್ತಿದ್ದರು.

ಹಾಗಾದರೆ ಬೇಕಾದದ್ದು ಮೆತ್ತಗಿನ ಬೆಳಕು. ಬಾಗಿಲಿಗೆ ಸೀರೆ ಕಟ್ಟಿದರೆ ಕತ್ತಲೆ, ಪ್ಲಾಸ್ಟಿಕ್ ಕಟ್ಟಿದರೆ ಸೆಕೆ. ದಾರಿ ತೋರಿಸಿದ್ದೂ ಪವಿತ್ರಳೇ. ಅವರದು ರೇಷ್ಮೆ ಸಾಕುವ ಮನೆ. ಹುಳು ಹಣ್ಣಾದಾಗ, ಅಂದರೆ ತಿಂದಿದ್ದು ಸಾಕಾಗಿ ನೂಲು ಬಿಡಲು ತಯಾರಾದಾಗ, ಅದನ್ನು ಚಂದ್ರಿಕೆಗೆ ಹಾಕುತ್ತಾರೆ. ಆ ಬಿದಿರಿನ ತಟ್ಟಿಯ ಸುತ್ತುಗಳಲ್ಲಿ ಹುಳುವಿಗೆ ಮೂಲೆ ಸಿಗುತ್ತದೆ, ಮೂಲೆ ಹಿಡಿದು ಗೂಡು ಕಟ್ಟುತ್ತದೆ. ಒಮ್ಮೆ ಕೆಳಗೆ ಬಿದ್ದ ಹುಳುವೊಂದು ಮೂಲೆ ಸಿಗದೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಲೆದಾಡುತ್ತ, ಹಾಲಿನ ಕೆನೆಯ ಹಾಗೆ ನೂಲನ್ನು ತೆಳ್ಳಗೆ ಹಾಸಿತ್ತಂತೆ. ಪವಿತ್ರ ಅದನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದ್ದಳು. ಬಿಸಿಲು ಬೆಳದಿಂಗಳಾಗಿತ್ತು ಮಿಸ್, ಎಂದಳು. ಆ ದಿನ ಪಾಠ ಮುಂದೆ ಹೋಗಲಿಲ್ಲ; ಹುಳುಗಳಿಂದಲೇ ಅಂಥದೊಂದು ಪರದೆ ಮಾಡಿಸಿ ಅಜ್ಜಿಯ ಬಾಗಿಲಿಗೆ ಕಟ್ಟುವುದೆಂದು ತೀರ್ಮಾನವಾಯಿತು.

ಅವಳ ಅಪ್ಪ ಮುರಳಿಮೋಹನ್ ಮೊದಲು ಒಪ್ಪಲಿಲ್ಲ. ಹಣ್ಣಾದ ಹುಳುವನ್ನು ಆಟಕ್ಕೆ ಕೊಡಬಾರದು, ಮನೆಗೆ ಒಳ್ಳೆಯದಲ್ಲ ಎಂದರು. ಅಜ್ಜಿಗೋಸ್ಕರ ಎಂದು ಮಗಳು ಹೇಳಿದ ಮೇಲೆ ಒಂದು ಬುಟ್ಟಿ ಹುಳು ಕೊಟ್ಟರು. ನನ್ನನ್ನು ಮಾತ್ರ ಹುಳುಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಬಸ್ಸಿನಲ್ಲಿ ಬಂದವರ ಕಾಲಲ್ಲಿ ಹುಳುಗಳಿಗೆ ತಗಲುವ ಯಾವ ರೋಗವಿರುತ್ತದೋ ಏನೋ! ಟೀಚರಾದರೂ ಅಷ್ಟೇ, ಮಂತ್ರಿಯಾದರೂ ಅಷ್ಟೇ.

ಭಾನುವಾರ ಮಕ್ಕಳು ಪವಿತ್ರಳ ಮನೆಯ ಅಂಗಳದಲ್ಲಿ ಹಳೆಯ ಸೈಕಲ್ಲಿನ ಚಕ್ರಕ್ಕೆ ಸೊಳ್ಳೆಪರದೆಯನ್ನು ತಮಟೆಯಂತೆ ಬಿಗಿದರು. ಎಲ್ಲೂ ಮೂಲೆ ಇರಬಾರದು, ಮಡಿಕೆ ಇರಬಾರದು. ಎರಡು ಸಲ ಬಿಚ್ಚಿಸಿದೆ, ಗೊಣಗಿದರು, ಮತ್ತೆ ಬಿಗಿದರು. ಆಮೇಲೆ ಅದನ್ನು ಜಗಲಿಯ ನೆರಳಿನಲ್ಲಿ ಮಲಗಿಸಿ ಹುಳುಗಳನ್ನು ಬಿಟ್ಟೆವು. ಮಾಗಿದ ದ್ರಾಕ್ಷಿಯ ಹಾಗೆ ಒಳಗಿನ ಬೆಳಕು ಹೊರಗೆ ಕಾಣುವ ಮೈ. ತಲೆ ಎತ್ತಿ ಗಾಳಿಯಲ್ಲಿ ಹುಡುಕಿದವು, ಏನೂ ಸಿಗದೆ ತಲೆ ತಗ್ಗಿಸಿ ನೂಲು ಬಿಡತೊಡಗಿದವು. ನಮ್ಮ ಹುಡುಗರು ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಗಾಳಿಯೂ ನಿಧಾನವಾಯಿತು. ಆ ಬಿಳುಪನ್ನೇ ನೋಡುತ್ತ ಕೂತವಳಿಗೆ, ನಾನೇ ಯಾರದೋ ನಿದ್ದೆಯೊಳಗೆ ಕೂತಿದ್ದೇನೆ ಅನ್ನಿಸಿತು. ಒಳಗಿನಿಂದ ಅಜ್ಜಿ, ಯಾಕ್ರೋ ಸದ್ದೇ ಇಲ್ಲ ಎಂದು ಕೂಗಿ ಕೇಳಿದರು. ಪರದೆ ಮುಗಿಯುವವರೆಗೆ ಅಜ್ಜಿಗೆ ಹೇಳಬೇಡಿ ಎಂದು ಪವಿತ್ರ ಎಲ್ಲರಿಂದಲೂ ಆಣೆ ಮಾಡಿಸಿಕೊಂಡಿದ್ದಳು.

ಸೋಮವಾರ ಮಧ್ಯಾಹ್ನ, ಬಿಸಿಯೂಟ ಮುಗಿದ ಕೂಡಲೇ ಪವಿತ್ರಳನ್ನು ಕರೆದುಕೊಂಡು ಪರದೆ ನೋಡಲು ಹೊರಟೆ. ದಾರಿಯುದ್ದಕ್ಕೂ ಅವಳು, ಬಾಗಿಲಿಗೆ ಅದನ್ನು ಹೇಗೆ ಕಟ್ಟಬೇಕು, ಅಜ್ಜಿ ಎಲ್ಲಿ ಕೂರಬೇಕು, ತಾನು ಎಲ್ಲಿ ನಿಲ್ಲಬೇಕು ಎಂದು ಹೇಳುತ್ತಲೇ ಇದ್ದಳು. ಒಂದು ವರ್ಷದ ಮಾತನ್ನು ಒಂದೇ ದಾರಿಯಲ್ಲಿ ಆಡಿದಳು.

ಮನೆ ತಲುಪಿದಾಗ ಚಕ್ರದ ಮೇಲೆ ಹುಳುಗಳೇ ಇರಲಿಲ್ಲ. ತೆಳ್ಳನೆಯ ನೂಲು ಅರ್ಧಕ್ಕೇ ನಿಂತಿತ್ತು, ಉಳಿದದ್ದು ಬರೀ ಸೊಳ್ಳೆಪರದೆ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಚಂದ್ರಿಕೆ, ಅದರ ಮುಂದೆ ಅಜ್ಜಿ. ಕೊನೆಯ ಹುಳುವನ್ನು ಬೆರಳ ತುದಿಯಲ್ಲಿ ಎತ್ತಿ ಬಿದಿರಿನ ಸುತ್ತಿನೊಳಗೆ ಇಡುತ್ತಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಎಂಥ ಕೆಲಸ ಮಾಡಿದಿರಿ, ನಿಮಗೋಸ್ಕರವೇ ಅಲ್ಲವೇ ಮಕ್ಕಳು ಇಷ್ಟೆಲ್ಲ ಕಷ್ಟಪಟ್ಟದ್ದು ಎಂದು ಹಿರಿಯರೆಂದೂ ನೋಡದೆ ರೇಗಿದೆ. ಪವಿತ್ರ ನನ್ನ ಹಿಂದೆಯೇ ನಿಂತು ಬಿಕ್ಕತೊಡಗಿದಳು.

ಅಜ್ಜಿಗೆ ನನ್ನ ಕೋಪ ತಟ್ಟಲೇ ಇಲ್ಲ. “ಪಾಪಮು, ಟೀಚರಮ್ಮ. ಹಣ್ಣಾದ ಹುಳ, ಮನೆ ಕಟ್ಟಕ್ಕೆ ಜಾಗ ಇಲ್ದೆ ಅಲೀತಿದ್ವು. ಬಾಗ್ಲಿಂದ ಕಂಡ್ತು. ನೋಡ್ಕೊಂಡು ಒಳಗೆ ಹೆಂಗ್ ಕೂತ್ಕಳ್ಳದು?”

ಆಗ ಹೊಳೆಯಿತು ನನಗೆ. ಅಜ್ಜಿ ಜಗಲಿಯ ಮೇಲಿದ್ದರು. ನಡುಹಗಲು. ಕಪ್ಪು ಕನ್ನಡಕವಿಲ್ಲ, ಪರದೆಯಿಲ್ಲ. ಕಣ್ಣಿಂದ ನೀರು ಸುರಿದು ಕೆನ್ನೆಯೆಲ್ಲ ತೊಯ್ದಿತ್ತು, ಹುಳುಗಳ ಚಿಂತೆಯಲ್ಲಿ ಅದನ್ನು ಒರೆಸಿಕೊಳ್ಳಲೂ ಅವರಿಗೆ ಪುರುಸೊತ್ತಾಗಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು. ಪಕ್ಕಕ್ಕೆ ಸರಿದೆ, ನನ್ನ ಹಿಂದಿದ್ದ ಹುಡುಗಿ ಕಾಣಲಿ ಎಂದು.

“ಯಾರದು ಅಳ್ತಿರದು?” ಎಂದು ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಪವಿತ್ರ ಹತ್ತಿರ ಹೋದಳು. ಅಜ್ಜಿ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದರು. ರೆಪ್ಪೆ ಅದುರಿತು, ನೀರು ಇಳಿಯಿತು, ಆದರೂ ಕಣ್ಣು ಮುಚ್ಚಲಿಲ್ಲ. ಹಣೆ ನೋಡಿದರು, ಹುಬ್ಬು ನೋಡಿದರು.

“ಅಯ್ಯೋ, ಇದು ನಮ್ಮತ್ತೆ ಮೂಗು ಕಣೇ,” ಎಂದರು ಅಜ್ಜಿ. “ಇಷ್ಟ್ ದಿನ ಒಬ್ರೂ ಹೇಳ್ಲಿಲ್ವಲ್ಲ ನಂಗೆ.”